ಒಂದೇ ಪ್ರಯೋಗಶಾಲೆಯ ಎರಡು ಔಷಧಗಳು

ಮೂತ್ರಪಿಂಡದ ಕಸಿ ಸಾಂಗವಾಗಿ ನೆರವೇರಿತೆಂಬ ವಾರ್ತೆ ಶಸ್ತ್ರಚಿಕಿತ್ಸಾಗಾರದ ಹೊರಗೆ ಕಾದು ಕುಳಿತ ಬಂಧುಗಳ ಕಿವಿಗೆ ಬಿದ್ದೊಡನೆ ಅವರ ಮುಖದಲ್ಲಿ ಮೂಡುವ ನೆಮ್ಮದಿ ಸಹಜವಾದುದೇ ಸರಿ. ಆದರೆ ಆ ಗಳಿಗೆಯಿಂದಲೇ ಪ್ರಾರಂಭವಾಗುವ ಮತ್ತೊಂದು ಸುದೀರ್ಘ ಚಿಕಿತ್ಸೆಯ ಸ್ವರೂಪ ನಮ್ಮ ಜನರಲ್ಲಿ ಅನೇಕರಿಗೆ ತಿಳಿಯದು. ಪರರ ದೇಹದಿಂದ ಬಂದ ಅಂಗವನ್ನು ನಮ್ಮ ದೇಹ ಸುಲಭವಾಗಿ ತನ್ನದೆಂದು ಒಪ್ಪಿಕೊಳ್ಳುವುದಿಲ್ಲವಾದುದರಿಂದ, ಕಸಿ ಮಾಡಿಸಿಕೊಂಡವರು ಹೊಸ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸತಕ್ಕ ಗುಳಿಗೆಗಳನ್ನು ಹೊತ್ತು ತಪ್ಪದೆ ಸೇವಿಸಬೇಕಾಗುತ್ತದೆ. ಈ ಗುಳಿಗೆಗಳಿಂದ ಸೋಂಕು ತಗುಲಬಹುದು, ಸಕ್ಕರೆ ಕಾಯಿಲೆ ಬರಬಹುದು, ರಕ್ತದೊತ್ತಡ ಏರಬಹುದು ಎಂಬ ಎಚ್ಚರಿಕೆಯನ್ನು ವೈದ್ಯರು ಮೊದಲೇ ಕೊಡುತ್ತಾರೆ. ಆ ಪಟ್ಟಿಯ ಕೊನೆಯಲ್ಲೆಲ್ಲೋ, ಯಾರೂ ಅಷ್ಟಾಗಿ ಗಮನಿಸದೆ ಹೋಗುವ ಒಂದು ಸಂಗತಿಯಿದೆ: ರಕ್ತದಲ್ಲಿ ಯೂರಿಕ್ ಆಮ್ಲದ ಏರಿಕೆ. ಚಿಕ್ಕದಾಗಿ ಕಾಣುವ ಈ ಸಂಗತಿಯ ಹಿಂದೆ ವೈದ್ಯವಿಜ್ಞಾನದ ಒಂದು ಅಪೂರ್ವ ಇತಿಹಾಸವೂ ಅದರೊಂದಿಗೇ ಪ್ರಾಣಾಂತಿಕವಾಗಬಲ್ಲ ಒಂದು ಅಪಾಯವೂ ಅಡಗಿರುವುದರಿಂದ, ಅದನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯಕವೆಂದು ನನಗೆ ತೋರಿದೆ.

ಯೂರಿಕ್ ಆಮ್ಲವು ಹೊರಗಿನಿಂದ ಬಂದ ವಿಷವಲ್ಲ. ನಮ್ಮ ಜೀವಕೋಶಗಳ ತಿರುಳಿನಲ್ಲಿರುವ ಪ್ಯೂರಿನ್ ಎಂಬ ದ್ರವ್ಯ, ಕೋಶಗಳು ಸವೆದು ಹೊಸದಾಗುವ ನಿತ್ಯಕ್ರಿಯೆಯಲ್ಲಿ ಒಡೆದು ಒಡೆದು ಕೊನೆಗೆ ಈ ರೂಪವನ್ನು ತಾಳುತ್ತದೆ. ಬಹುಪಾಲು ಸಸ್ತನಿಗಳ ದೇಹದಲ್ಲಿ ಯೂರಿಕೇಸ್ ಎಂಬ ಕಿಣ್ವವಿದ್ದು, ಅದು ಯೂರಿಕ್ ಆಮ್ಲವನ್ನು ಮತ್ತೂ ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಮನುಷ್ಯನೂ ಅವನ ಸಮೀಪಬಂಧುಗಳಾದ ಮಹಾವಾನರಗಳೂ ಒಂದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಆ ಕಿಣ್ವವನ್ನು ಕಳೆದುಕೊಂಡುಬಿಟ್ಟಿವೆ. ಹೀಗಾಗಿ ಈ ಆಮ್ಲವನ್ನು ಹೊರಹಾಕುವ ಹೊಣೆಯ ಸುಮಾರು ಮೂರರಲ್ಲಿ ಎರಡು ಪಾಲು ಮೂತ್ರಪಿಂಡಗಳ ಮೇಲೆಯೂ ಮಿಕ್ಕದ್ದು ಕರುಳಿನ ಮೇಲೆಯೂ ಬಿದ್ದಿದೆ. ಮೂತ್ರಪಿಂಡವಾದರೂ ತಾನು ಸೋಸಿದ ಯೂರಿಕ್ ಆಮ್ಲದ ಹತ್ತರಲ್ಲಿ ಒಂಬತ್ತು ಪಾಲನ್ನು ಮತ್ತೆ ರಕ್ತಕ್ಕೇ ಹಿಂದಿರುಗಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿತೆಂದರೆ ಅದು ಪೂರ್ಣವಾಗಿ ಕರಗಿರಲಾರದ ಸ್ಥಿತಿಯನ್ನು ಮುಟ್ಟಿದಂತಾಗುತ್ತದೆ. ದೇಹದ ಇತರ ಭಾಗಗಳಿಗಿಂತ ತಣ್ಣಗಿರುವ ಕಾಲಿನ ಹೆಬ್ಬೆರಳ ಬುಡದಲ್ಲಿ ಸೂಜಿಯಂಥ ಹರಳುಗಳಾಗಿ ಅದು ನೆಲೆಸತೊಡಗಿದಾಗ ಹುಟ್ಟುವ ವೇದನೆಯೇ ಗೌಟ್. ಕಸಿ ಮಾಡಿಸಿಕೊಂಡವರಿಗೆ ಇರುವುದು ಕೆಲಸ ಮಾಡತಕ್ಕ ಒಂದೇ ಮೂತ್ರಪಿಂಡ, ಅದರ ಶಕ್ತಿಯೂ ಅನೇಕ ವೇಳೆ ಪೂರ್ಣವಾಗಿರುವುದಿಲ್ಲ. ಅದರ ಮೇಲೆ ಔಷಧಗಳ ಪ್ರಭಾವವೂ ಸೇರಿದರೆ ಈ ಆಮ್ಲ ಮಿತಿಮೀರುವುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಇತಿಹಾಸದ ಮಾತು. 1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಂ ಆಸ್ಪತ್ರೆಯಲ್ಲಿ ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯರು ರೊನಾಲ್ಡ್ ಹೆರಿಕ್ ಎಂಬ ಯುವಕನ ಒಂದು ಮೂತ್ರಪಿಂಡವನ್ನು ಅವನ ಸಹೋದರ ರಿಚರ್ಡ್‌ನ ದೇಹದಲ್ಲಿ ಜೋಡಿಸಿದರು. ಅವರಿಬ್ಬರೂ ಏಕರೂಪದ ಅವಳಿಗಳಾಗಿದ್ದುದರಿಂದ ದೇಹ ಆ ಅಂಗವನ್ನು ಪರಕೀಯವೆಂದು ಗುರುತಿಸಲಿಲ್ಲ. ರಿಚರ್ಡ್ ಎಂಟು ವರ್ಷ ಬದುಕಿದ. ಆದರೆ ಲೋಕದಲ್ಲಿ ಎಷ್ಟು ಮಂದಿ ರೋಗಿಗಳಿಗೆ ಏಕರೂಪದ ಅವಳಿ ಸೋದರರಿದ್ದಾರು? ಉಳಿದವರ ವಿಷಯದಲ್ಲಿ ಇಡೀ ದೇಹಕ್ಕೆ ಕ್ಷಕಿರಣ ಹಾಯಿಸಿ ರೋಗನಿರೋಧಕ ಶಕ್ತಿಯನ್ನು ಅಡಗಿಸಲು ನಡೆದ ಪ್ರಯತ್ನಗಳಲ್ಲಿ ಹೆಚ್ಚಿನವು ಮರಣದಲ್ಲಿ ಮುಗಿದವು. ದಾರಿ ತೆರೆದದ್ದು ಶಸ್ತ್ರವೈದ್ಯರ ಕೈಯಿಂದಲ್ಲದೆ, ನ್ಯೂಯಾರ್ಕ್ ನಗರದ ಹೊರವಲಯದ ಟಕಾಹೋ ಎಂಬಲ್ಲಿದ್ದ ಬರೋಸ್ ವೆಲ್ಕಮ್ ಔಷಧ ಕಂಪನಿಯ ಪ್ರಯೋಗಶಾಲೆಯೊಂದರಿಂದ.

ಅಲ್ಲಿ ಜಾರ್ಜ್ ಹಿಚಿಂಗ್ಸ್ ಅವರ ಜೊತೆಗೆ ದುಡಿಯುತ್ತಿದ್ದ ಗೆರ್ಟ್ರೂಡ್ ಎಲಿಯನ್ ಎಂಬ ಮಹಿಳೆಯ ಜೀವನವನ್ನು ನಮ್ಮ ಕಾಲೇಜು ವಿದ್ಯಾರ್ಥಿನಿಯರೆಲ್ಲರೂ ತಿಳಿದಿರಬೇಕೆಂದು ನನ್ನ ಆಸೆ. ವಲಸೆ ಬಂದ ಕುಟುಂಬವೊಂದರಲ್ಲಿ 1918ರಲ್ಲಿ ಹುಟ್ಟಿದ ಆಕೆ, ಹದಿನೈದರ ವಯಸ್ಸಿನಲ್ಲಿ ತನ್ನ ಪ್ರೀತಿಯ ಅಜ್ಜ ಕ್ಯಾನ್ಸರಿನಿಂದ ನರಳಿ ಸತ್ತುದನ್ನು ಕಂಡು ರಸಾಯನಶಾಸ್ತ್ರವನ್ನು ಆರಿಸಿಕೊಂಡವರು. ಹೆಂಗಸೆಂಬ ಕಾರಣಕ್ಕೆ ಸಂಶೋಧನೆಯ ಬಾಗಿಲುಗಳು ಒಂದಾದಮೇಲೊಂದು ಮುಚ್ಚಿದಾಗ ಶಾಲೆಯಲ್ಲಿ ಪಾಠ ಹೇಳಿ, ಆಹಾರ ಪದಾರ್ಥಗಳ ಕಾರ್ಖಾನೆಯೊಂದರಲ್ಲಿ ಉಪ್ಪಿನಕಾಯಿಯ ಹುಳಿಯನ್ನು ಅಳೆಯುವ ಕೆಲಸವನ್ನು ಮಾಡಿ, ಕಡೆಗೆ ಯುದ್ಧಕಾಲದಲ್ಲಿ ಗಂಡಸರ ಸ್ಥಾನಗಳು ತೆರವಾದಾಗ 1944ರಲ್ಲಿ ಈ ಪ್ರಯೋಗಶಾಲೆಯನ್ನು ಸೇರಿದರು. ನೌಕರಿಯನ್ನು ಬಿಟ್ಟು ಪೂರ್ಣಾವಧಿ ಓದಿಗೆ ಬಂದರೆ ಮಾತ್ರ ಡಾಕ್ಟರೇಟ್ ಎಂದು ವಿದ್ಯಾಸಂಸ್ಥೆಯವರು ಹೇಳಿದಾಗ ಆಕೆ ನೌಕರಿಯನ್ನೇ ಉಳಿಸಿಕೊಂಡರು. ಪಿಎಚ್.ಡಿ. ಇಲ್ಲದೆಯೇ ಆಕೆಗೆ 1988ರಲ್ಲಿ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ಹಿಚಿಂಗ್ಸ್ ಮತ್ತು ಎಲಿಯನ್ ಅವರ ಆಲೋಚನೆ ಹೀಗಿತ್ತು: ವೇಗವಾಗಿ ವೃದ್ಧಿಯಾಗುವ ಕೋಶಗಳಿಗೆಲ್ಲ ಪ್ಯೂರಿನ್ ಬೇಕು, ಪ್ಯೂರಿನ್‌ನಂತೆಯೇ ಕಂಡು ಅದರ ಕೆಲಸವನ್ನು ಮಾಡದ ಕೃತಕ ದ್ರವ್ಯವೊಂದನ್ನು ಕೊಟ್ಟರೆ ಕೋಶ ಮೋಸಹೋಗಿ ಅದನ್ನು ಒಳಗೆ ಸೇರಿಸಿಕೊಂಡು ತನ್ನ ವೃದ್ಧಿಯನ್ನು ತಾನೇ ತಡೆದುಕೊಳ್ಳುತ್ತದೆ. ಇದರ ಫಲವಾಗಿ ಹುಟ್ಟಿದ 6-ಮರ್ಕ್ಯಾಪ್ಟೊಪ್ಯೂರಿನ್ 1953ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧವಾಗಿ ಬಳಕೆಗೆ ಬಂದಿತು. 1959ರಲ್ಲಿ ಬೋಸ್ಟನ್ನಿನ ರಾಬರ್ಟ್ ಶ್ವಾರ್ಟ್ಸ್ ಮತ್ತು ವಿಲಿಯಂ ಡೇಮ್‌ಶೆಕ್ ಎಂಬ ವೈದ್ಯರು ಇದೇ ಔಷಧವನ್ನು ಕೊಟ್ಟ ಮೊಲಗಳ ರೋಗನಿರೋಧಕ ಪ್ರತಿಕ್ರಿಯೆ ಕುಗ್ಗುವುದನ್ನು ತೋರಿಸಿಕೊಟ್ಟರು. ಇಂಗ್ಲೆಂಡಿನ ತರುಣ ಶಸ್ತ್ರವೈದ್ಯ ರಾಯ್ ಕಾಲ್ನ್ ಆ ಲೇಖನವನ್ನೋದಿ ನಾಯಿಗಳ ಮೂತ್ರಪಿಂಡ ಕಸಿಯಲ್ಲಿ ಅದನ್ನು ಪ್ರಯೋಗಿಸಿ, ಮುಂದೆ ಮರ್ರೆಯವರ ಬಳಿಗೆ ಬೋಸ್ಟನ್ನಿಗೆ ಬಂದಾಗ ಟಕಾಹೋದಿಂದ ಅದರ ಸುಧಾರಿತ ರೂಪವನ್ನು ಪಡೆದುಕೊಂಡರು. ಆ ಸುಧಾರಿತ ರೂಪವೇ ಅಜಥಯೋಪ್ರಿನ್. 1962ರ ಏಪ್ರಿಲ್ ತಿಂಗಳಲ್ಲಿ ಮರ್ರೆಯವರು ರಕ್ತಸಂಬಂಧವಿಲ್ಲದ ಮೃತನೊಬ್ಬನ ಮೂತ್ರಪಿಂಡವನ್ನು ಈ ಔಷಧದ ಬಲದಿಂದ ಮತ್ತೊಬ್ಬನಲ್ಲಿ ಒಂದು ವರ್ಷಕ್ಕೂ ಮೀರಿ ಉಳಿಸಿದರು. ಇಂದು ಜಗತ್ತಿನಲ್ಲಿ ನಡೆಯುವ ಮೃತದಾನಿಗಳ ಕಸಿಗಳೆಲ್ಲವೂ ಆ ದಿನಕ್ಕೆ ಋಣಿಯಾಗಿವೆ.

ನಮ್ಮ ವಿಷಯದ ಗಂಟು ಬೀಳುವುದು ಇಲ್ಲಿಯೇ. 6-ಮರ್ಕ್ಯಾಪ್ಟೊಪ್ಯೂರಿನ್ ದೇಹವನ್ನು ಸೇರಿದಮೇಲೆ ಅದರ ಬಹುಭಾಗ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಸಿಕ್ಕಿ ನಿರುಪಯುಕ್ತವಾದ ಥಯೋಯೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೋಗಿಬಿಡುತ್ತಿದ್ದುದನ್ನು ಎಲಿಯನ್ ಕಂಡರು. ಆ ಕಿಣ್ವವನ್ನು ಕಟ್ಟಿಹಾಕಿದರೆ ಔಷಧ ಹೆಚ್ಚು ಕಾಲ ನಿಂತು ಹೆಚ್ಚು ಕೆಲಸ ಮಾಡೀತೆಂಬ ಆಸೆಯಿಂದ ಅವರು ತಮ್ಮಲ್ಲಿದ್ದ ಇನ್ನೊಂದು ದ್ರವ್ಯವನ್ನು ಕೈಗೆತ್ತಿಕೊಂಡರು. ಅದರ ಹೆಸರು ಅಲೋಪ್ಯೂರಿನಾಲ್. ಉತ್ತರ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ವೇಯ್ನ್ ರಂಡಲ್ಸ್ ಅವರು ಇದನ್ನು ರಕ್ತದ ಕ್ಯಾನ್ಸರಿನ ರೋಗಿಗಳಿಗೆ ಕೊಟ್ಟು ನೋಡಿದಾಗ, ಮೊದಲ ಔಷಧದ ಬಲ ಹೆಚ್ಚಿದ್ದಲ್ಲದೆ ರೋಗಿಗಳ ಯೂರಿಕ್ ಆಮ್ಲವೂ ಗಣನೀಯವಾಗಿ ಇಳಿಯಿತು. ಪ್ಯೂರಿನ್ ಯೂರಿಕ್ ಆಮ್ಲವಾಗುವುದಕ್ಕೂ ಇದೇ ಕಿಣ್ವ ಬೇಕಾದುದರಿಂದ ಅದು ಹಾಗಾಗಲೇಬೇಕಿತ್ತು. ಕ್ಯಾನ್ಸರಿಗೆ ಸಹಾಯಕವಾಗಿ ಬಂದ ದ್ರವ್ಯ ಹೀಗೆ 1966ರಲ್ಲಿ ಗೌಟ್ ರೋಗದ ಔಷಧವಾಗಿ ಅಂಗೀಕೃತವಾಗಿ, ಇಂದಿಗೂ ಆ ರೋಗದ ಮುಖ್ಯ ಔಷಧವಾಗಿಯೇ ಉಳಿದಿದೆ.

ಹೊಸ ಮೂತ್ರಪಿಂಡವನ್ನು ಕಾಪಾಡುವ ಗುಳಿಗೆಯೂ ಯೂರಿಕ್ ಆಮ್ಲವನ್ನಿಳಿಸುವ ಗುಳಿಗೆಯೂ ಒಂದೇ ಪ್ರಯೋಗಶಾಲೆಯ, ಒಂದೇ ಚಿಂತನೆಯ ಸಂತಾನಗಳಾಗಿದ್ದರೂ, ಎರಡನ್ನೂ ಅರಿವಿಲ್ಲದೆ ಒಬ್ಬನೇ ರೋಗಿಗೆ ಕೊಟ್ಟರೆ ಅನರ್ಥ ಒದಗುತ್ತದೆ. ಅಜಥಯೋಪ್ರಿನ್ ದೇಹದೊಳಗೆ 6-ಮರ್ಕ್ಯಾಪ್ಟೊಪ್ಯೂರಿನ್ ಆಗಿ ಬದಲಾದ ಬಳಿಕ ಅದರ ಮುಂದೆ ಮೂರು ಹಾದಿಗಳಿವೆ: ಎರಡು ಹಾದಿಗಳಲ್ಲಿ ಅದು ಬಹುಮಟ್ಟಿಗೆ ನಿಷ್ಫಲವಾಗುತ್ತದೆ, ಮೂರನೆಯದರಲ್ಲಿ ಕೋಶಗಳ ವೃದ್ಧಿಯನ್ನು ತಡೆಯುವ ಸಕ್ರಿಯರೂಪವನ್ನು ಪಡೆಯುತ್ತದೆ. ಕೆರೆಯ ಮೂರು ತೂಬುಗಳಲ್ಲಿ ದೊಡ್ಡದೊಂದನ್ನು ಮುಚ್ಚಿದರೆ ಮಿಕ್ಕ ತೂಬುಗಳ ಕೆಳಗಿನ ಗದ್ದೆ ಮುಳುಗುವಂತೆ, ಅಲೋಪ್ಯೂರಿನಾಲ್ ಕ್ಸಾಂಥೀನ್ ಆಕ್ಸಿಡೇಸ್‌ನ ದಾರಿಯನ್ನು ಮುಚ್ಚಿದಾಗ ಸಕ್ರಿಯರೂಪದ ಪ್ರಮಾಣ ಹಲವು ಪಟ್ಟು ಏರಿ, ರಕ್ತಕಣಗಳ ತವರಾದ ಅಸ್ಥಿಮಜ್ಜೆ ತನ್ನ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಬಿಳಿಯ ರಕ್ತಕಣಗಳು ಕುಸಿಯುತ್ತವೆ, ಬಾಯಿ ಹುಣ್ಣಾಗುತ್ತದೆ, ಜ್ವರ ಬರುತ್ತದೆ, ಅತ್ಯಲ್ಪವಾದ ಸೋಂಕು ಕೂಡ ರಕ್ತಕ್ಕೆ ಹರಡಿ ಪ್ರಾಣಾಪಾಯವನ್ನು ತರುತ್ತದೆ. ಎರಡನ್ನೂ ಒಟ್ಟಿಗೆ ಕೊಡಲೇಬೇಕಾಗಿ ಬಂದಲ್ಲಿ ಅಜಥಯೋಪ್ರಿನ್ ಪ್ರಮಾಣವನ್ನು ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲಿಗೆ ಇಳಿಸಿ, ರಕ್ತಕಣಗಳನ್ನು ಪದೇಪದೇ ಎಣಿಸಿ ನೋಡಬೇಕೆಂಬುದು ಅಂದಿನಿಂದಲೂ ನಡೆದುಬಂದ ನಿಯಮ. 2009ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾಗಿ ಈಗ ನಮ್ಮಲ್ಲೂ ಧಾರಾಳವಾಗಿ ಬರೆಯಲ್ಪಡುವ ಫೆಬುಕ್ಸೊಸ್ಟಾಟ್ ಕೂಡ ಇದೇ ಕಿಣ್ವವನ್ನು ತಡೆಯುವುದರಿಂದ ಅದಕ್ಕೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಅಜಥಯೋಪ್ರಿನ್ ಸೇವಿಸುವವರಿಗೆ ಅದನ್ನು ಕೊಡಲೇಬಾರದೆಂದು ಅದರ ವಿವರಪತ್ರದಲ್ಲಿಯೇ ಬರೆದಿದೆ.

ಅಜಥಯೋಪ್ರಿನ್ ಈಗ ಹಳೆಯ ಕಾಲದ ಔಷಧವಾಯಿತಲ್ಲ ಎಂದು ತಿಳಿದವರು ಕೇಳಬಹುದು. 1995ರ ಅನಂತರ ಮೈಕೋಫಿನೊಲೇಟ್ ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿರುವುದೂ, ಅದಕ್ಕೆ ಅಲೋಪ್ಯೂರಿನಾಲ್ ಜೊತೆ ಇಂಥ ವೈರವಿಲ್ಲದಿರುವುದೂ ನಿಜ. ಆದರೆ ಮೈಕೋಫಿನೊಲೇಟ್ ಗರ್ಭಸ್ಥ ಶಿಶುವಿಗೆ ಹಾನಿಕರವಾದುದರಿಂದ, ಕಸಿಯ ಬಳಿಕ ತಾಯಿಯಾಗಬಯಸುವ ಹೆಣ್ಣುಮಕ್ಕಳಿಗೆ ಗರ್ಭಧಾರಣೆಗೆ ಕೆಲವು ವಾರಗಳ ಮೊದಲೇ ಅಜಥಯೋಪ್ರಿನ್ ಕೊಡುತ್ತಾರೆ. ಹೊಸ ಔಷಧ ಹೊಟ್ಟೆಗೆ ಒಗ್ಗದವರಿಗೂ ಬೆಲೆಯ ಭಾರವನ್ನು ತಾಳಲಾರದವರಿಗೂ ಹಳೆಯದೇ ಆಧಾರ. ಹೀಗಿರುವಾಗ ಈ ಅಪಾಯ ಪುಸ್ತಕದ ಪುಟಗಳಿಗೆ ಸೇರಿಹೋಯಿತೆಂದು ಯಾರೂ ನಿಶ್ಚಿಂತರಾಗುವಂತಿಲ್ಲ.

ಯೂರಿಕ್ ಆಮ್ಲವನ್ನು ಏರಿಸುವ ಅಪವಾದ ಮಾತ್ರ ಅಜಥಯೋಪ್ರಿನ್‌ಗೆ ಸಲ್ಲುವುದಲ್ಲ. ಅದು ಸಲ್ಲಬೇಕಾದುದು ಅದರ ಬಳಿಕ ಬಂದ ಸೈಕ್ಲೋಸ್ಪೋರಿನ್‌ಗೆ. 1969ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯ ನೌಕರರೊಬ್ಬರು ನಾರ್ವೆ ದೇಶದ ಹಾರ್ಡಂಗರ್‌ವಿಡ್ಡ ಎಂಬ ಪ್ರಸ್ಥಭೂಮಿಗೆ ವಿಹಾರಕ್ಕೆ ಹೋದಾಗ ಹಿಡಿಮಣ್ಣನ್ನು ಪರೀಕ್ಷೆಗೆಂದು ಸಂಗ್ರಹಿಸಿ ತಂದರು. ಅದರಲ್ಲಿದ್ದ ಶಿಲೀಂಧ್ರವೊಂದರಿಂದ ದೊರೆತ ದ್ರವ್ಯ ರೋಗನಿರೋಧಕ ಕೋಶಗಳನ್ನು ಅಡಗಿಸುತ್ತದೆಂಬುದು 1972ರಲ್ಲಿ ಗೊತ್ತಾಯಿತು. 1978ರಲ್ಲಿ, ಆಗ ಕೇಂಬ್ರಿಜ್‌ನಲ್ಲಿದ್ದ ಕಾಲ್ನ್ ಅವರೇ ಅದನ್ನು ಕಸಿಯ ರೋಗಿಗಳ ಮೇಲೆ ಪ್ರಯೋಗಿಸಿದರು. ಕಸಿಯಾದ ಮೂತ್ರಪಿಂಡಗಳು ತಿರಸ್ಕೃತವಾಗುವುದು ಇದರಿಂದ ಬಹಳ ತಗ್ಗಿತು. ಆದರೆ ಈ ಔಷಧ ಮೂತ್ರಪಿಂಡದೊಳಗೆ ರಕ್ತವನ್ನು ತರುವ ಸೂಕ್ಷ್ಮನಾಳಗಳನ್ನು ಸಂಕುಚಿಸಿ ಸೋಸುವಿಕೆಯನ್ನು ಕಡಮೆಮಾಡುವುದಲ್ಲದೆ, ಸೋಸಿದ ಯೂರಿಕ್ ಆಮ್ಲ ಮತ್ತೆ ರಕ್ತಕ್ಕೆ ಮರಳುವುದನ್ನೂ ಹೆಚ್ಚಿಸುತ್ತದೆ. 1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೈಕ್ಲೋಸ್ಪೋರಿನ್ ಪಡೆದವರಲ್ಲಿ ಶೇಕಡ 84 ಮಂದಿಗೂ ಅಜಥಯೋಪ್ರಿನ್ ಪಡೆದವರಲ್ಲಿ ಶೇಕಡ 30 ಮಂದಿಗೂ ಯೂರಿಕ್ ಆಮ್ಲ ಹೆಚ್ಚಾಗಿದ್ದುದು ಕಂಡುಬಂದಿತು. 1984ರಲ್ಲಿ ಜಪಾನಿನ ತ್ಸುಕುಬ ಪರ್ವತದ ಸಮೀಪದ ಮಣ್ಣಿನ ಜೀವಾಣುವಿನಿಂದ ದೊರೆತ ಟ್ಯಾಕ್ರೊಲಿಮಸ್, ಇಂದು ನಮ್ಮ ಆಸ್ಪತ್ರೆಗಳಲ್ಲಿ ಅತ್ಯಧಿಕವಾಗಿ ಬಳಕೆಯಲ್ಲಿರುವ ಔಷಧ. ಅದಕ್ಕೂ ಈ ಗುಣ ಸ್ವಲ್ಪಮಟ್ಟಿಗೆ ಇದ್ದೇ ಇದೆ. ಕಾಲಿನ ಬಾವಿಗೂ ರಕ್ತದೊತ್ತಡಕ್ಕೂ ಕೊಡುವ, ಮೂತ್ರವನ್ನು ಹೆಚ್ಚಿಸುವ ಗುಳಿಗೆಗಳು ಜೊತೆಗೂಡಿದರಂತೂ ಆಮ್ಲ ಮತ್ತಷ್ಟು ಏರುತ್ತದೆ.

ಕಸಿಯಾದವರ ಗೌಟ್ ಸಾಮಾನ್ಯರದಕ್ಕಿಂತ ಕೆಲವು ವಿಷಯಗಳಲ್ಲಿ ಭಿನ್ನವಾಗಿದೆ. ಇತರರಲ್ಲಿ ಹತ್ತಾರು ವರ್ಷಗಳ ತರುವಾಯ ಕಾಣತಕ್ಕ, ಕಿವಿಯಂಚಿನಲ್ಲೂ ಮೊಣಕೈಯಲ್ಲೂ ಏಳುವ ಯೂರೇಟ್ ಗಂಟುಗಳು ಇವರಲ್ಲಿ ಕೆಲವೇ ವರ್ಷಗಳಲ್ಲಿ ತೋರಬಹುದು. ಹೆಬ್ಬೆರಳಲ್ಲದೆ ಭುಜ, ಸೊಂಟಗಳ ಕೀಲುಗಳನ್ನೂ ಅದು ಹಿಡಿಯಬಹುದು. ಅದು ಬರುವ ರೀತಿಯನ್ನು ಕಂಡವರೇ ಬಲ್ಲರು. ರಾತ್ರಿ ಆರೋಗ್ಯವಾಗಿ ಮಲಗಿದವನು ಅಪರಾತ್ರಿಯಲ್ಲಿ ಎಚ್ಚರಗೊಂಡು ನೋಡಿದರೆ ಹೆಬ್ಬೆರಳ ಬುಡ ಕೆಂಪಗೆ ಊದಿ ಹೊಳೆಯುತ್ತಿರುತ್ತದೆ. ಹೊದಿಕೆಯ ಅಂಚು ತಾಗಿದರೂ ಚೀತ್ಕರಿಸುವಂತಾಗುತ್ತದೆ. ಮನೆಯವರು ಮಂಚದ ಹತ್ತಿರ ಸುಳಿದಾಡಿದ ಕಂಪನವೂ ಅವನಿಗೆ ಅಸಹ್ಯವಾಗುತ್ತದೆ. ಬೆಳಗಾದೊಡನೆ ಮಗನೋ ಅಳಿಯನೋ ಹತ್ತಿರದ ಮೆಡಿಕಲ್ ಶಾಪಿಗೆ ಓಡಿ, ಕಾಲುನೋವಿಗೆ ಏನಾದರೂ ಕೊಡಿ ಎಂದು ಕೇಳಿ, ಡೈಕ್ಲೋಫಿನ್ಯಾಕ್ ಅಥವಾ ಅಂಥದೇ ನೋವಿನ ಮಾತ್ರೆಯನ್ನು ತರುತ್ತಾನೆ. ಸಾಮಾನ್ಯನಿಗೆ ಎರಡು ದಿನ ಅದರಿಂದ ಕೇಡಾಗಲಾರದು. ಟ್ಯಾಕ್ರೊಲಿಮಸ್‌ನಿಂದ ಮೊದಲೇ ನಾಳಗಳು ಸಂಕುಚಿಸಿರುವ ಒಂಟಿ ಮೂತ್ರಪಿಂಡಕ್ಕಾದರೋ ಅದು ದೊಡ್ಡ ಆಘಾತ. ಗೌಟಿಗೆ ಬಹುಕಾಲದಿಂದ ಪ್ರಸಿದ್ಧವಾದ ಕಾಲ್ಚಿಸಿನ್ ಕೂಡ ಸೈಕ್ಲೋಸ್ಪೋರಿನ್ ಜೊತೆಗೂಡಿದಾಗ ದೇಹದಲ್ಲಿ ಶೇಖರವಾಗಿ ಮಾಂಸಖಂಡಗಳನ್ನು ದುರ್ಬಲಗೊಳಿಸುವುದರಿಂದ ಅಲ್ಪ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿಯೇ ಕೊಡತಕ್ಕದ್ದು. ಕಸಿಯ ವೈದ್ಯರು ಇಂಥ ಸಂದರ್ಭದಲ್ಲಿ ರೋಗಿ ಮೊದಲೇ ಸೇವಿಸುತ್ತಿರುವ ಸ್ಟೀರಾಯ್ಡ್ ಪ್ರಮಾಣವನ್ನು ಕೆಲವು ದಿನಗಳ ಮಟ್ಟಿಗೆ ಏರಿಸಿ ನೋವನ್ನು ಇಳಿಸುವುದುಂಟು.

ಇದಕ್ಕೆ ಪ್ರತಿಯಾಗಿ ಮತ್ತೊಂದು ಅತಿರೇಕವೂ ನಮ್ಮಲ್ಲಿ ಬೆಳೆಯುತ್ತಿರುವುದನ್ನು ಹೇಳದೆ ಇರಲಾರೆ. ಲ್ಯಾಬ್ ವರದಿಯಲ್ಲಿ ಯೂರಿಕ್ ಆಮ್ಲದ ಮುಂದೆ ದಪ್ಪ ಅಕ್ಷರದ ಅಂಕಿಯೊಂದು ಕಂಡ ಮಾತ್ರಕ್ಕೆ, ನೋವಿಲ್ಲ, ಕಲ್ಲಿಲ್ಲ, ಗಂಟಿಲ್ಲ ಎಂಬುದನ್ನು ವಿಚಾರಿಸದೆ ಗುಳಿಗೆ ಬರೆದುಬಿಡುವುದು ಸರಿಯಾದ ವೈದ್ಯವೆಂದು ನನಗನ್ನಿಸದು. ಹೆಚ್ಚಿದ ಯೂರಿಕ್ ಆಮ್ಲ ಕಸಿಯಾದ ಮೂತ್ರಪಿಂಡವನ್ನು ಕೆಡಿಸುತ್ತದೆಯೋ ಅಥವಾ ಮೂತ್ರಪಿಂಡ ಕೆಡುತ್ತಿರುವುದರ ಸೂಚನೆಯಾಗಿ ತಾನು ಏರುತ್ತದೆಯೋ ಎಂಬ ವಿವಾದ ದಶಕಗಳಿಂದ ನಡೆದಿದೆ. ಕಸಿಯಾಗದ ಮೂತ್ರಪಿಂಡ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಅಲೋಪ್ಯೂರಿನಾಲ್ ಯೂರಿಕ್ ಆಮ್ಲವನ್ನು ಇಳಿಸಿತಾದರೂ ಮೂತ್ರಪಿಂಡದ ಶಕ್ತಿಹ್ರಾಸವನ್ನು ತಡೆಯಲಿಲ್ಲ. ಅಲೋಪ್ಯೂರಿನಾಲ್ ಕೆಲವರಲ್ಲಿ ಚರ್ಮವೇ ಸುಲಿದುಬರುವಂಥ ಭೀಕರ ಪ್ರತಿಕ್ರಿಯೆಯನ್ನುಂಟುಮಾಡುವುದೂ ಉಂಟು. ಗೌಟ್ ಬಂದವರಿಗೆ, ಅದರಲ್ಲೂ ಮತ್ತೆಮತ್ತೆ ಬಂದವರಿಗೆ, ಆಮ್ಲವನ್ನು 6 ಮಿಲಿಗ್ರಾಂ ಒಳಗೆ ತರಲು ಗುಳಿಗೆ ಬೇಕು, ಅದರಲ್ಲಿ ಸಂಶಯವಿಲ್ಲ. ಬರಿಯ ಅಂಕಿಗೆ ಚಿಕಿತ್ಸೆ ಮಾಡುವಾಗ ಮಾತ್ರ ವೈದ್ಯರು ಎರಡು ಬಾರಿ ಯೋಚಿಸಬೇಕು.

ಪಥ್ಯದ ವಿಚಾರದಲ್ಲೂ ಮನೆಮನೆಯಲ್ಲಿ ಗೊಂದಲವಿದೆ. ಯೂರಿಕ್ ಆಸಿಡ್ ಜಾಸ್ತಿ ಎಂದೊಡನೆ ತೊವ್ವೆ, ಸಾರು, ಹುರುಳಿಕಟ್ಟು ಎಲ್ಲವನ್ನೂ ಬಿಡಿಸಿ, ಮೊದಲೇ ಸೊರಗಿದ ರೋಗಿಯನ್ನು ಇನ್ನಷ್ಟು ಸೊರಗಿಸುವವರಿದ್ದಾರೆ. ಅಮೆರಿಕದ ಸಹಸ್ರಾರು ಪುರುಷರನ್ನು ವರ್ಷಾನುಗಟ್ಟಲೆ ಅನುಸರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಮಾಂಸವೂ ಮೀನು, ಸಿಗಡಿಗಳೂ ಗೌಟ್ ಸಂಭವವನ್ನು ಹೆಚ್ಚಿಸುತ್ತವೆಂದೂ, ಪ್ಯೂರಿನ್ ಹೆಚ್ಚಾಗಿರುವ ತರಕಾರಿಗಳಿಂದ ಅದು ಹೆಚ್ಚುವುದಿಲ್ಲವೆಂದೂ, ಹಾಲಿನ ಪದಾರ್ಥಗಳು ಅದನ್ನು ತಗ್ಗಿಸುತ್ತವೆಂದೂ ತೋರಿಸಿದೆ. ನಮ್ಮ ಬೇಳೆ, ಮಜ್ಜಿಗೆಗಳ ಊಟ ಇದರಿಂದ ನಿರಪರಾಧಿಯೆಂದೇ ಸಿದ್ಧವಾಗುತ್ತದೆ. ಬಿಡಬೇಕಾದುದು ಮಾಂಸದ ಅತಿಯನ್ನು, ಬಿಯರನ್ನು, ಸಕ್ಕರೆ ತುಂಬಿದ ಸೀಸೆಯ ಪಾನೀಯವನ್ನು. ಆದರೆ ಒಂದು ಹಣ್ಣಿನ ವಿಷಯದಲ್ಲಿ ಬೆಂಗಳೂರಿನ ಸುತ್ತಲಿನವರು ವಿಶೇಷವಾಗಿ ಎಚ್ಚರವಿರಬೇಕು. ದೇವನಹಳ್ಳಿಯ ಚಕೋತ ನಮ್ಮ ನಾಡಿನ ಹೆಮ್ಮೆಯ ಹಣ್ಣು; ಆದರೆ ಚಕೋತದ ಜಾತಿಯ ಹಣ್ಣುಗಳಲ್ಲಿರುವ ದ್ರವ್ಯ ಕರುಳಿನಲ್ಲಿ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್‌ಗಳನ್ನು ಜೀರ್ಣಿಸುವ ಕಿಣ್ವವನ್ನು ಅಡಗಿಸಿ, ರಕ್ತದಲ್ಲಿ ಆ ಔಷಧಗಳ ಮಟ್ಟವನ್ನು ಅಪಾಯದ ಮಿತಿಗೆ ಏರಿಸಬಲ್ಲುದು. ಚಕೋತ ತಿಂದು ಟ್ಯಾಕ್ರೊಲಿಮಸ್ ಮಟ್ಟ ಏರಿದ ಕಸಿಯ ರೋಗಿಯೊಬ್ಬರ ವೃತ್ತಾಂತ ವೈದ್ಯಕೀಯ ಪತ್ರಿಕೆಯಲ್ಲಿ 2003ರಲ್ಲಿ ಅಚ್ಚಾಗಿದೆ. ಔಷಧದ ಮಟ್ಟ ಏರಿದರೆ ಮೂತ್ರಪಿಂಡಕ್ಕೂ ಪೆಟ್ಟು, ಯೂರಿಕ್ ಆಮ್ಲಕ್ಕೂ ಏರಿಕೆ.

ಭಾರತದಲ್ಲಿ ಮೂತ್ರಪಿಂಡದ ಮೊದಲ ಯಶಸ್ವೀ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆಯಿತು. ಅಂದು ಅಪೂರ್ವವಾಗಿದ್ದ ಈ ಚಿಕಿತ್ಸೆ ಇಂದು ನಮ್ಮ ರಾಜ್ಯದಲ್ಲಿಯೇ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ಸಂಸ್ಥೆಯಿಂದ ಹಿಡಿದು ಖಾಸಗಿ ಆಸ್ಪತ್ರೆಗಳವರೆಗೆ, ನಡೆಯುತ್ತಿದೆ. ಮೃತದಾನಿಗಳ ಅಂಗಗಳನ್ನು ಹಂಚುವ ವ್ಯವಸ್ಥೆಯನ್ನು ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತಿದೆ. ಆದರೆ ಕಸಿಯಾದವರು ಆಸ್ಪತ್ರೆಯ ಪಕ್ಕದಲ್ಲಿಯೇ ವಾಸಮಾಡುವವರಲ್ಲ. ಬೀದರಿನಲ್ಲೋ ಶಿರಸಿಯಲ್ಲೋ ಇರುವವರಿಗೆ ಕಾಲು ಊದಿದ ದಿನ ಕೈಗೆಟುಕುವುದು ಊರಿನ ವೈದ್ಯರು; ಅವರು ಸಜ್ಜನರೂ ಅನುಭವಸ್ಥರೂ ಆಗಿರಬಹುದು, ಆದರೆ ಮುಂದೆ ಕುಳಿತವನ ಹೊಟ್ಟೆಯಲ್ಲಿ ಯಾವ ಗುಳಿಗೆಗಳಿವೆಯೆಂಬುದು ಹೇಳದೆ ಅವರಿಗೆ ತಿಳಿಯುವುದೆಂತು?

ಆದಕಾರಣ ಕಸಿ ಮಾಡಿಸಿಕೊಂಡವರಲ್ಲಿಯೂ ಅವರ ಮನೆಯವರಲ್ಲಿಯೂ ನನ್ನ ವಿನಂತಿಯಿಷ್ಟು. ಸೇವಿಸುತ್ತಿರುವ ಎಲ್ಲ ಔಷಧಗಳ ಹೆಸರನ್ನೂ ಪ್ರಮಾಣವನ್ನೂ ಒಂದು ಹಾಳೆಯಲ್ಲಿ ಸ್ಫುಟವಾಗಿ ಬರೆದು, ಕಸಿಯ ವೈದ್ಯರ ದೂರವಾಣಿ ಸಂಖ್ಯೆಯನ್ನು ಅದರ ಮೇಲ್ಗಡೆ ನಮೂದಿಸಿ, ಯಾವ ವೈದ್ಯರ ಬಳಿಗೆ ಯಾವ ಕಾರಣಕ್ಕೆ ಹೋದರೂ ಮೊದಲು ಅದನ್ನು ಮುಂದಿಡಿ. ಮೆಡಿಕಲ್ ಶಾಪಿನವರಿಗೂ ತೋರಿಸಿ. ಟ್ಯಾಕ್ರೊಲಿಮಸ್ ಮಟ್ಟದ ಪರೀಕ್ಷೆಗೆ ರಕ್ತ ಕೊಡುವ ದಿನ ಬೆಳಗಿನ ಗುಳಿಗೆಯನ್ನು ನುಂಗುವ ಮೊದಲೇ ಕೊಡಿ, ಕೊಟ್ಟಮೇಲೆ ನುಂಗುವುದನ್ನು ಮರೆಯಬೇಡಿ. ಗೌಟ್ ಬಂತೆಂದು ಕಸಿಯ ಗುಳಿಗೆಗಳನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ; ಹಾಗೆ ನಿಲ್ಲಿಸಿದರೆ ಕೈಬಿಟ್ಟುಹೋಗುವುದು ಮೂತ್ರಪಿಂಡವೇ. ನಿಮ್ಮ ಹಾಳೆಯಲ್ಲಿ ಅಜಥಯೋಪ್ರಿನ್ ಎಂಬ ಹೆಸರಿದ್ದು, ಹೊಸ ಚೀಟಿಯಲ್ಲಿ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಎಂಬ ಹೆಸರು ಕಂಡರೆ, ಕಸಿಯ ವೈದ್ಯರನ್ನು ಕೇಳುವತನಕ ಆ ಹೊಸ ಗುಳಿಗೆಯನ್ನು ಬಾಯಿಗೆ ಹಾಕಿಕೊಳ್ಳಬೇಡಿ.